ತೊಗರಿಬೇಳೆಯಷ್ಟು ಲೇಪ

ಹಳೆಯ ವಸ್ತುವನ್ನು ಅಷ್ಟು ಸುಲಭವಾಗಿ ಬಿಸಾಡುವ ಜನ ನಾವಲ್ಲ. ಬಾಡಿಗೆ, ಮಕ್ಕಳ ಫೀಸು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲು ಖರ್ಚು ಇವೆಲ್ಲ ಕಳೆದು ಉಳಿಯುವ ಸಂಬಳದಲ್ಲಿ ಹೊಸ ಕಂಪ್ಯೂಟರ್ ಕೊಳ್ಳುವುದು ಗುಮಾಸ್ತರಾದ ನಮಗೆ ಎಟುಕುವ ಮಾತಲ್ಲ. ಆದುದರಿಂದ ಮನೆಯ ಹಳೆಯ ಯಂತ್ರಕ್ಕೆ ಪ್ರೊಸೆಸರ್ ಒಂದನ್ನು ಮಾತ್ರ ಬದಲಾಯಿಸಿದೆವು. 2011ರ ಎರಡು ಕೋರಿನ ಇಂಟೆಲ್ ಐ3-2100 ಇದ್ದ ಜಾಗಕ್ಕೆ, 2012ರ ನಾಲ್ಕು ಕೋರಿನ ಐ5-3470 ಸೆಕೆಂಡ್ ಹ್ಯಾಂಡಾಗಿ ಬಂದಿತು. ಎರಡಕ್ಕೂ ಸಾಕೆಟ್ ಒಂದೇ, ಎಲ್‌ಜಿಎ 1155. ಮದರ್‌ಬೋರ್ಡ್ 2011ರದಾದರೆ, ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸನ್ನು ಅಪ್‌ಡೇಟ್ ಮಾಡಿಕೊಳ್ಳಬೇಕು. ಇಲ್ಲವಾದರೆ ಹೊಸದನ್ನು ಅದು ಗುರುತಿಸದೆ ಹೋಗಬಹುದು.

ಈ ಕೆಲಸದ ಮರ್ಮವೆಲ್ಲ ಇರುವುದು ಥರ್ಮಲ್ ಪೇಸ್ಟ್ ಎಂಬ ಲೇಪದಲ್ಲಿ. ಪ್ರೊಸೆಸರಿನ ಮೇಲ್ಮೈಯೂ ಅದರ ಮೇಲೆ ಕೂರುವ ಕೂಲರಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ, ಅವುಗಳಲ್ಲಿ ಸೂಕ್ಷ್ಮವಾದ ತಗ್ಗುದಿಣ್ಣೆಗಳಿರುತ್ತವೆ. ಆ ಸಂದುಗಳಲ್ಲಿ ಗಾಳಿ ನಿಂತರೆ ಶಾಖ ಸರಾಗವಾಗಿ ದಾಟದು. ಒಂದೇ ಅಳತೆಯಲ್ಲಿ ಹೇಳುವುದಾದರೆ, ಶಾಖವನ್ನು ಸಾಗಿಸುವ ಶಕ್ತಿ ತಾಮ್ರಕ್ಕೆ ಸುಮಾರು 400, ಗಾಳಿಗೆ 0.026, ಬಹುಪಾಲು ಪೇಸ್ಟುಗಳಿಗೆ 10ರ ಒಳಗೆ. ಎಂದರೆ ಪೇಸ್ಟು ಗಾಳಿಗಿಂತ ಎಷ್ಟೋ ಮೇಲು, ಲೋಹಕ್ಕಿಂತ ಬಹಳ ಕೀಳು. ಸಂದು ತುಂಬುವಷ್ಟೇ ಅದರ ಕೆಲಸ. ದಪ್ಪವಾಗಿ ಬಳಿದರೆ ಅದೇ ಶಾಖಕ್ಕೆ ಅಡ್ಡಗೋಡೆಯಾಗುತ್ತದೆ.

ಪ್ಲಗ್ಗು ತೆಗೆದು ಕೂಲರನ್ನು ಬಿಚ್ಚಿದ ಮೇಲೆ, ಒಣಗಿ ಹೆಕ್ಕಳಿಕೆಯಾದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸತಕ್ಕದ್ದು. ಸಾಕೆಟ್ಟಿನ ಸೂಕ್ಷ್ಮವಾದ ಮೊಳೆಗಳಿಗೆ ಬೆರಳು ತಾಗಕೂಡದು. ಹೊಸ ಪ್ರೊಸೆಸರನ್ನು ಅದರ ಮೂಲೆಯ ತ್ರಿಕೋನದ ಗುರುತು ನೋಡಿ ಕೂರಿಸಿ, ಸನ್ನೆ ಮುಚ್ಚಿ, ನಡುವೆ ತೊಗರಿಬೇಳೆಯಷ್ಟು ಪೇಸ್ಟು ಇಟ್ಟರೆ ಸಾಕು. ಬೆರಳಿನಿಂದ ಹರಡಬೇಕಾಗಿಲ್ಲ; ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಇಂಟೆಲ್ ಕೂಲರಿನ ನಾಲ್ಕು ಗೂಟಗಳನ್ನು ಎದುರುಬದುರು ಮೂಲೆಗಳಂತೆ ಜೋಡಿಜೋಡಿಯಾಗಿ ಒತ್ತಬೇಕು. ಮಧ್ಯದಲ್ಲಿ ಕೂಲರನ್ನು ಎತ್ತಿದರೆ, ಒರೆಸಿ ಹೊಸದಾಗಿಯೇ ಹಾಕಬೇಕು. ಫ್ಯಾನಿನ ವೈರು ಮರೆಯಬಾರದು.

ಯಂತ್ರ ಚಾಲೂ ಆದೊಡನೆ ಬಯೋಸಿನಲ್ಲಿ ಉಷ್ಣಾಂಶ ನೋಡಿರಿ. ಅದು ಏರುತ್ತಾ 100 ಡಿಗ್ರಿಯ ಸಮೀಪ ಹೋದರೆ ಪ್ರೊಸೆಸರು ತಾನಾಗಿಯೇ ವೇಗ ತಗ್ಗಿಸುತ್ತದೆ. ಉಳಿತಾಯದಿಂದ ತೆತ್ತ ಹಣ ನೀರಿನಲ್ಲಿ ಹೋಮವಾದಂತೆ. ಈ ಕೆಲಸಕ್ಕೆ ಕೂರುವ ದಿನ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಹಳೆಯದನ್ನು ಎಸೆಯದೆ ನಡೆಸುವ ವಿದ್ಯೆ ಅವರಿಗೂ ಬರಲಿ.