ಕರಿಯ ತಂದ ಹಕ್ಕಿ

ಬೇಟೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗದ್ದಲದ ಚಿತ್ರ. ನಮ್ಮ ಹಳೆಯ ಕಾವ್ಯಗಳಲ್ಲಿ ಬೇಟೆಯ ಪ್ರಸಂಗ ಬಂದಿತೆಂದರೆ ಬಲೆ, ಬಿಲ್ಲು, ಈಟಿ, ಬೊಗಳುವ ನಾಯಿಗಳ ಹಿಂಡು ಎಲ್ಲವೂ ಒಟ್ಟಿಗೆ ನುಗ್ಗಿ ಬರುತ್ತವೆ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಟದ್ದೂ ಅಂಥ ಸಂಭ್ರಮದ ನಡುವೆಯೇ. ಮಲೆನಾಡಿನ ಹಂದಿಬೇಟೆಯಲ್ಲಿ ಹಳು ನುಗ್ಗುವವರ ಕೂಗಿಗೆ ಕಾಡೇ ಎದ್ದು ಕೂರುತ್ತಿತ್ತಂತೆ. ಬಯಲುಸೀಮೆಯ ಕೆರೆಗಳಲ್ಲಿ ನಡೆಯುತ್ತಿದ್ದ ಬಾತಿನ ಬೇಟೆಗೆ ಮಾತ್ರ ಕವಿಗಳ ಕೃಪೆ ಅಷ್ಟಾಗಿ ದೊರೆತಂತಿಲ್ಲ. ಕತ್ತಲಲ್ಲಿ, ಚಳಿಯಲ್ಲಿ, ಕೆಸರಿನಲ್ಲಿ ಕುಳಿತು, ಕೆಮ್ಮು ಬಂದರೂ ನುಂಗಿಕೊಂಡು ಆಕಾಶ ನೋಡುವ ಕೆಲಸವನ್ನು ವರ್ಣಿಸಲು ಯಾವ ಕವಿಗೆ ತಾನೆ ಉತ್ಸಾಹ ಬಂದೀತು!

ಕಾರ್ತಿಕ ಮುಗಿದು ಮಾರ್ಗಶಿರ ಕಾಲಿಡುವ ವೇಳೆಗೆ ನಮ್ಮ ಕಡೂರು ಸೀಮೆಯ ಕೆರೆಗಳಿಗೆ ಉತ್ತರದ ಬಾತುಗಳು ಬಂದಿಳಿಯುತ್ತವೆ. ಸೂಜಿಯಂಥ ಬಾಲದ್ದೊಂದು, ಗುದ್ದಲಿಯಂಥ ಕೊಕ್ಕಿನದೊಂದು, ಬಿಳಿಯ ಹುಬ್ಬು ತೀಡಿದಂಥದೊಂದು. ಹಗಲೆಲ್ಲ ನಡುನೀರಿನಲ್ಲಿ ತೇಲುತ್ತ ತೂಕಡಿಸಿ, ಕತ್ತಲಾದ ಮೇಲೆ ಗದ್ದೆಗಳಿಗೆ ಮೇಯಲು ಹೋಗಿ, ಬೆಳಕು ಹರಿಯುವ ಹೊತ್ತಿಗೆ ಮರಳಿ ನೀರಿಗೆ ಬರುವುದು ಅವುಗಳ ದಿನಚರಿ. 1959ರಿಂದ ಮುಂದೆ ಸಲೀಂ ಅಲಿಯವರ ನೇತೃತ್ವದಲ್ಲಿ ಬೊಂಬಾಯಿಯ ನಿಸರ್ಗ ಇತಿಹಾಸ ಸಂಘದವರು ಸಾವಿರಾರು ಹಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸಿ ಹಾರಿಬಿಟ್ಟರು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯದಲ್ಲಿ ಸಿಕ್ಕಿದವು. ನಾವು ಕಂಬಳಿ ಹೊದ್ದು ನಡುಗುವ ಡಿಸೆಂಬರಿನ ಮುಂಜಾವು ಅಲ್ಲಿಂದ ಬಂದ ಹಕ್ಕಿಗೆ ಬಹುಶಃ ಬೇಸಿಗೆಯೇ ಇದ್ದೀತು.

ಅದೇ ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆಯಿತೆಂದು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದಾರೆ. ಆ ಕಲ್ಲಿನಲ್ಲಿಲ್ಲದ ಲೆಕ್ಕವೊಂದುಂಟು: ಈಡು ತಗಲಿಯೂ ಕೈಗೆ ಸಿಕ್ಕದೆ ಹೋದ ಹಕ್ಕಿಗಳದು. ಬಾತಿಗೆ ಹೊಡೆಯುವ ತೋಟಾದಲ್ಲಿರುವುದು ಒಂಟಿ ಗುಂಡಲ್ಲ, ನೂರಕ್ಕೂ ಮೀರಿದ ಸಣ್ಣ ಚರೆಗಳು. ಅವು 40 ಗಜ ಹೋಗುವುದರೊಳಗೆ ಚೆದರಿ ಅಗಲಕ್ಕೆ ಹರಡುತ್ತವೆ. ನಡುವೆ ಸಿಕ್ಕಿದ ಹಕ್ಕಿ ಕಲ್ಲಿನಂತೆ ಬೀಳುತ್ತದೆ. ಅಂಚಿಗೆ ಸಿಕ್ಕಿದ್ದು ರೆಕ್ಕೆ ಮುರಿದು, ಜೀವ ಮಾತ್ರ ಉಳಿದು, ನೀರಿನಲ್ಲಿ ಮುಳುಗಿ ಜೊಂಡಿನೊಳಗೆ ಸೇರಿ ಅಡಗುತ್ತದೆ. ಅಲ್ಲಿ ಅದು ಹಸಿವಿನಿಂದಲೋ ನರಿಯ ಬಾಯಿಂದಲೋ ಸಾಯಲು ಎಷ್ಟು ದಿನ ಹಿಡಿಯುತ್ತದೆಂಬುದನ್ನು ಬೇಟೆಗಾರ ಕಾಣುವುದಿಲ್ಲ. ಗುರಿಯ ಬಗೆಗೆ ಹೆಮ್ಮೆಪಡುವ ಬೇಟೆಗಾರರನ್ನು ಅನೇಕರನ್ನು ಕಂಡಿದ್ದೇನೆ. ಬಿದ್ದದ್ದನ್ನು ಹುಡುಕುವ ಬಗೆಗೆ ತಲೆ ಕೆಡಿಸಿಕೊಂಡವರು ನನಗೆ ತಿಳಿದಂತೆ ಒಬ್ಬರೇ; ಅವರು ನನ್ನ ಮಿತ್ರರು. ನಾನು ಮೇಷ್ಟರಾಗಿದ್ದ ಊರಿನಲ್ಲಿ ಎಲ್ಲರೂ ಅವರನ್ನು ಪಟೇಲರೆಂದೇ ಕರೆಯುತ್ತಿದ್ದರು.

ಈ ಮಾತು 1966ರದು. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಹಗ್ಗವನ್ನು ಬಿಗಿಮಾಡಿತು. 1991ರ ತಿದ್ದುಪಡಿ ಉಳಿದಿದ್ದ ಬಾಗಿಲನ್ನೂ ಮುಚ್ಚಿತು. ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಹೊಡೆದ ಹಕ್ಕಿಯನ್ನು ನೀರಿನಿಂದ ತರುವುದಕ್ಕೆಂದೇ ಪಶ್ಚಿಮದವರು ನಾಯಿಯ ತಳಿಗಳನ್ನು ರೂಢಿಸಿದ್ದಾರೆ. ಲ್ಯಾಬ್ರಡಾರಿನ ಮೂಲ ನ್ಯೂಫೌಂಡ್‌ಲೆಂಡಿನ ಬೆಸ್ತರ ನಾಯಿಗಳಲ್ಲಿದೆ. 1807ರಲ್ಲಿ ಒಡೆದ ಹಡಗಿನಿಂದ ಉಳಿದುಬಂದ ಎರಡು ಮರಿಗಳಿಂದ ಅಮೆರಿಕದ ಚೆಸಪೀಕ್ ಕೊಲ್ಲಿಯ ತಳಿ ಬೆಳೆಯಿತೆನ್ನುತ್ತಾರೆ. ನಮ್ಮ ಮುಧೋಳದ ನಾಯಿ ಬಯಲಿನಲ್ಲಿ ಮೊಲವನ್ನು ಕಣ್ಣಿಟ್ಟು ಅಟ್ಟುವ ಓಟಗಾರ. ನೀರು ಅದರ ರಾಜ್ಯವಲ್ಲ. ಪಟೇಲರ ಕರಿಯನಿಗೆ ಇಂಥ ಯಾವ ವಂಶಾವಳಿಯೂ ಇರಲಿಲ್ಲ. ಸಂತೆಯ ದಿನ ಬಂಡಿಯ ಕೆಳಗೆ ಸಿಕ್ಕಿದ ಮರಿ. ಒಣಗಿದ ತೆಂಗಿನ ಸಿಪ್ಪೆಯನ್ನು ಕೆರೆಗೆ ಎಸೆದು, ತಂದರೆ ಬೆಲ್ಲದ ಚೂರು ಕೊಟ್ಟು, ಪಟೇಲರು ಅದಕ್ಕೆ ವಿದ್ಯೆ ಕಲಿಸಿದ್ದರು. ನನ್ನ ತರಗತಿಯ ಹುಡುಗರಲ್ಲಿ ಅಷ್ಟು ಬೇಗ ಕಲಿತವರು ಕಡಿಮೆ.

ಆ ಭಾನುವಾರ ಕೋಳಿ ಕೂಗುವ ಮೊದಲೇ ಪಟೇಲರು ನನ್ನ ಬಾಗಿಲು ತಟ್ಟಿದರು.

"ಮೇಷ್ಟ್ರೇ, ಆ ಬಿಳೀ ಪಂಚೆ ಬೇಡಿ. ಬಾತಿನ ಕಣ್ಣು ನಿಮ್ಮ ಇನ್‌ಸ್ಪೆಕ್ಟರ ಕಣ್ಣಿಗಿಂತ ಚುರುಕು."

ಕೋಡಿಯ ಪಕ್ಕದ ಲಕ್ಕಿಯ ಪೊದೆಯ ಮರೆಯಲ್ಲಿ ಕುಳಿತೆವು. ನೀರಿನ ಮೇಲಿನ ಗಾಳಿ ಕಂಬಳಿಯನ್ನು ತೂರಿ ಬೆನ್ನಿಗೆ ತಾಗುತ್ತಿತ್ತು. ಕೋವಿ ಅವರದು, ಚೀಲ ನನ್ನದು. ಕರಿಯ ಇಬ್ಬರ ನಡುವೆ ಕುಳಿತು, ನಮಗೆ ಏನೂ ಕಾಣದ ಕತ್ತಲಿನಲ್ಲಿ ತಲೆಯನ್ನು ಅತ್ತ ಇತ್ತ ತಿರುಗಿಸುತ್ತಿತ್ತು. ಪಟೇಲರು ಆಕಾಶವನ್ನು ನೋಡುತ್ತಿರಲಿಲ್ಲ. ಅದರ ಕಿವಿಯನ್ನು ನೋಡುತ್ತಿದ್ದರು. ಕಿವಿ ನಿಮಿರಿದ ಮೇಲೆ ನಮಗೂ ರೆಕ್ಕೆಗಳ ಸಿಳ್ಳು ಕೇಳಿಸಿತು. ಎರಡು ಈಡು, ಎರಡು ಹಕ್ಕಿ. ಕರಿಯ ಈಜಿಹೋಗಿ ಒಂದೊಂದಾಗಿ ತಂದು ಪಟೇಲರ ಕಾಲ ಬಳಿ ಇಟ್ಟಿತು. ಅವರು ಮೊದಲು ಹಕ್ಕಿಯ ಕಾಲು ನೋಡಿದರು. ಉಂಗುರದ ಸಂಗತಿಯನ್ನು ಅವರಿಗೆ ಪತ್ರಿಕೆಯಿಂದ ಓದಿ ಹೇಳಿದವನು ನಾನೇ.

ಮೂರನೆಯದು ಸೂಜಿಬಾಲದ ಗಂಡು. ಎತ್ತರದಲ್ಲಿತ್ತು. ಈಡಿಗೆ ಒಂದು ಮಗ್ಗುಲಿಗೆ ವಾಲಿ, ಒಂದೇ ರೆಕ್ಕೆ ಬಡಿಯುತ್ತ ದೂರದ ತಾವರೆಯ ನಡುವೆ ಹೋಗಿ ಬಿದ್ದಿತು. ಅಷ್ಟರಲ್ಲಿ ಇನ್ನೊಂದು ದೊಡ್ಡ ಹಿಂಡು ನಮ್ಮ ತಲೆಯ ಮೇಲೆಯೇ, ಕಲ್ಲೆಸೆದರೂ ತಾಗುವಷ್ಟು ತಗ್ಗಿನಲ್ಲಿ ಹಾದುಹೋಯಿತು. ಪಟೇಲರು ಕೋವಿಯನ್ನು ಮುರಿದು ತೋಟಾಗಳನ್ನು ತೆಗೆದು ಜೇಬಿಗಿಟ್ಟರು.

"ಅದು ಸಿಗದೆ ಇನ್ನೊಂದಕ್ಕೆ ಈಡಿಲ್ಲ."

ಕರಿಯ ಸಮೀಪಿಸಿದಾಗ ಹಕ್ಕಿ ಮುಳುಗಿತು. ಹತ್ತು ಮಾರು ಆಚೆ ಎದ್ದಿತು. ಮತ್ತೆ ಮುಳುಗಿತು. ನಾಯಿ ಸುತ್ತುತ್ತಲೇ ಇದ್ದಿತು. ಸುತ್ತಿದಷ್ಟೂ ತಾವರೆಯ ದಂಟುಗಳು ಕಾಲಿಗೆ ತೊಡರಿಕೊಂಡವು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಮೂತಿಯ ತುದಿ ಮಾತ್ರ ಕಾಣುತ್ತಿತ್ತು. ಅದು ಕೂಗಲಿಲ್ಲ, ಕೂಗಲು ಬಾಯಿ ತೆರೆದರೆ ನೀರು ನುಗ್ಗುತ್ತಿತ್ತು.

ಪಟೇಲರು ಕಂಬಳಿಯನ್ನು ಕಿತ್ತೆಸೆದು ನೀರಿಗಿಳಿದರು. ಅವರಿಗೆ ಆಗ ಐವತ್ತು ದಾಟಿತ್ತು, ಎದೆಯ ಗೂರಲು ಬೇರೆ. ಆ ಕೆರೆಯಂಗಳದ ತುಂಬ ಗದ್ದೆಗೆ ಗೋಡು ತೆಗೆದ ಗುಂಡಿಗಳು. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳುದ್ದ. ನನಗೆ ಈಜು ಬಾರದು. ಏರಿಯ ಮೇಲೆ ಮನುಷ್ಯರ ಸುಳಿವಿರಲಿಲ್ಲ. ಅವರ ತಲೆ ಒಮ್ಮೆ ನೀರಿನಲ್ಲಿ ಮರೆಯಾದಾಗ ನಾನು ಕೋವಿಯ ನಳಿಗೆಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ನಿಂತಿದ್ದೆ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ತಲೆ ಮತ್ತೆ ಮೇಲೆ ಬಂದಿತು. ನಾಯಿಯ ಕತ್ತನ್ನು ಹೆಗಲಿಗೊರಗಿಸಿಕೊಂಡು, ದಂಟುಗಳನ್ನು ಒಂದೊಂದಾಗಿ ಕೈಯಿಂದಲೇ ಕೀಳುತ್ತಿದ್ದರು.

ಬಿಡಿಸಿಕೊಂಡ ನಾಯಿ ದಡಕ್ಕೆ ಬರಬೇಕು, ನಾನಾದರೆ ಬರುತ್ತಿದ್ದೆ. ಕರಿಯ ಬರಲಿಲ್ಲ. ಮೂಗನ್ನು ನೀರಿಗೆ ತಾಗಿಸಿಕೊಂಡು ಎಡಗಡೆಯ ಜೊಂಡಿನತ್ತ ತಿರುಗಿತು. ಪಟೇಲರು, "ಬಾರೋ, ಸಾಕು ಬಾರೋ" ಎಂದು ಕೂಗಿದರು. ಅವರ ಮಾತನ್ನು ಅದು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಜೊಂಡಿನ ಕಡ್ಡಿಗಳು ಅಲ್ಲಾಡುವುದು ಕಾಣುತ್ತಿತ್ತು, ನಿಲ್ಲುತ್ತಿತ್ತು, ಇನ್ನೊಂದು ಕಡೆ ಅಲ್ಲಾಡುತ್ತಿತ್ತು. ಬಿಸಿಲು ಏರಿಯ ಮೇಲೆ ಬಿದ್ದ ಮೇಲೆ ಅದು ಹೊರಗೆ ಬಂದಿತು. ಬಾಯಲ್ಲಿ ಹಕ್ಕಿ ಇನ್ನೂ ಜೀವಂತವಾಗಿ ಕತ್ತೆತ್ತಿ ನೋಡುತ್ತಿತ್ತು.

ಪಟೇಲರು ನನ್ನ ಕಡೆ ಬೆನ್ನು ತಿರುಗಿಸಿ ಅದರ ನೋವನ್ನು ಒಂದು ಕ್ಷಣದಲ್ಲಿ ಮುಗಿಸಿದರು. ಆಮೇಲೆ ಮುರಿದ ರೆಕ್ಕೆಯನ್ನು ಬಿಡಿಸಿ ಬೆರಳಾಡಿಸಿದರು. ಮೂಳೆಯ ಬಳಿ ಒಂದೇ ಒಂದು ಚರೆ, ರಾಗಿಕಾಳಿಗಿಂತ ತುಸು ದೊಡ್ಡದು. ಕಾಲಿನಲ್ಲಿ ಉಂಗುರವಿರಲಿಲ್ಲ.

"ಇದೆಲ್ಲಿಂದ ಬಂದದ್ದು ಅಂದಿರಿ ಮೇಷ್ಟ್ರೇ?"

"ಸೈಬೀರಿಯದ ಕಡೆಯದಿರಬೇಕು."

"ಎಷ್ಟು ದೂರ ಆದೀತು?"

"ಎರಡೂವರೆ, ಮೂರು ಸಾವಿರ ಮೈಲಿ."

ಅವರ ಹಲ್ಲುಗಳು ಕಟಕಟನೆ ಕಡಿಯುತ್ತಿದ್ದವು. ಕಂಬಳಿಯನ್ನು ತಂದು ಹೊದಿಸಹೋದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಒದ್ದೆ ನಾಯಿಗೆ ಸುತ್ತಿ ಕೂಸಿನಂತೆ ಎತ್ತಿಕೊಂಡರು.

"ಹಕ್ಕಿಗಳನ್ನ ನೀವು ಹಿಡ್ಕೊಳ್ಳಿ. ಮೊದಲು ಇವನಿಗೆ ಬಿಸಿ ಗಂಜಿ ಆಗಬೇಕು, ನಡೀರಿ."