ಎಂಜಿನ್ ಬದಲಿಸುವುದೋ, ಗಾಡಿಯನ್ನೇ ಬದಲಿಸುವುದೋ

ಜೀಪ್ ಕಂಪನಿ 2020ರಲ್ಲಿ ಅಮೆರಿಕದಲ್ಲಿ ಮಾರಿದ ಮೂರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳೋಣ. ಒಂದು, ಎರಡು ಬಾಗಿಲಿನ ರ‍್ಯಾಂಗ್ಲರ್. ಇನ್ನೊಂದು, ನಾಲ್ಕು ಬಾಗಿಲಿನ ಅದರ ಅಣ್ಣ. ಮೂರನೆಯದು, ಬೆನ್ನಿಗೆ ಸಾಮಾನಿನ ತೊಟ್ಟಿ ಇರುವ ಗ್ಲಾಡಿಯೇಟರ್ ಪಿಕಪ್. ಮೂರಕ್ಕೂ ಸಿಗುವುದು ಅದೇ 3.6 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದೇ 285 ಅಶ್ವಶಕ್ತಿ. ಆದರೆ ಹಿಂದೆ ಟ್ರೈಲರ್ ಕಟ್ಟಿಕೊಂಡು ಎಷ್ಟು ಭಾರ ಎಳೆಯಬಹುದು ಎಂದು ಕಂಪನಿಯ ಪುಸ್ತಕ ನೋಡಿದರೆ, ಮೊದಲನೆಯದಕ್ಕೆ 907 ಕೆಜಿ, ಎರಡನೆಯದಕ್ಕೆ 1,588 ಕೆಜಿ, ಮೂರನೆಯದಕ್ಕೆ 3,470 ಕೆಜಿಯವರೆಗೆ ಅನುಮತಿ ಇದೆ.

ಮರುವರ್ಷ ಅದೇ ಕಂಪನಿ ನಾಲ್ಕು ಬಾಗಿಲಿನ ರ‍್ಯಾಂಗ್ಲರಿಗೆ 6.4 ಲೀಟರಿನ ಭರ್ಜರಿ ವಿ8 ಎಂಜಿನ್ ಕೂರಿಸಿತು. 470 ಅಶ್ವಶಕ್ತಿ. ಎಳೆಯುವ ಮಿತಿ ಮಾತ್ರ ಅದೇ 1,588 ಕೆಜಿ, ಒಂದು ಕಿಲೋ ಕೂಡ ಏರಲಿಲ್ಲ. ಏರಿದ್ದು 2024ರಲ್ಲಿ: ಅದೇ ಗಾಡಿಯ ರೂಬಿಕಾನ್ ಮಾದರಿಯ ಹಿಂದಿನ ಆಕ್ಸಲನ್ನು ಬದಲಿಸಿ ಗಟ್ಟಿಯದನ್ನು ಹಾಕಿದಾಗ, ಗರಿಷ್ಠ ಮಿತಿ 2,268 ಕೆಜಿಗೆ ಹೋಯಿತು. ಎಂಜಿನ್ ಹೊಸದಲ್ಲ, ಆಕ್ಸಲ್ ಹೊಸದು.

ಟ್ರೈಲರ್ ಎಳೆಯಲು ಎಂಜಿನ್ ಬದಲಿಸಲೇ, ಗಾಡಿಯನ್ನೇ ಮಾರಿ ಬೇರೆ ಕೊಳ್ಳಲೇ ಎಂದು ತಲೆ ಕೆಡಿಸಿಕೊಂಡವರಿಗೆ ಕಾರ್ಖಾನೆಯೇ ಮಾಡಿ ತೋರಿಸಿದ ಪ್ರಯೋಗ ಇದು. ಅಮೆರಿಕದಲ್ಲಿ ಈ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ. ಇಷ್ಟಪಟ್ಟು ಕೊಂಡ ಜೀಪ್ ಇರುತ್ತದೆ. ಆಮೇಲೆ ಒಂದು ದೋಣಿಯೋ ಮಲಗಲು ಮಂಚವಿರುವ ಕ್ಯಾಂಪರ್ ಟ್ರೈಲರೋ ಬರುತ್ತದೆ. ಮೊದಲ ಘಾಟಿಯಲ್ಲೇ ಎಂಜಿನ್ ಕಿರುಚುತ್ತದೆ, ಲಾರಿಗಳು ಹಿಂದೆ ಹಾಕುತ್ತವೆ. ‘ಎಂಜಿನ್ ಸಾಲದು’ ಎನ್ನಿಸುವುದು ಸಹಜ. ಕಿವಿಗೆ ಕೇಳುವುದು ಎಂಜಿನ್ ಒಂದೇ ತಾನೆ? ಆಕ್ಸಲ್, ಬ್ರೇಕು, ಚಾಸಿ ಕಷ್ಟಪಡುವಾಗ ಸದ್ದು ಮಾಡುವುದಿಲ್ಲ.

ಎಂಜಿನ್ ನಿಜಕ್ಕೂ ಸಾಲದೇ? ಲೆಕ್ಕ ಹಾಕಿಯೇ ನೋಡೋಣ. ಜನ, ಸಾಮಾನು ಸೇರಿ ಜೀಪು 1,900 ಕೆಜಿ, ಕ್ಯಾಂಪರ್ 1,600 ಕೆಜಿ, ಒಟ್ಟು ಮೂರೂವರೆ ಟನ್ ಎಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಹೋಗಬೇಕು. ಗುರುತ್ವ ಹಿಂದಕ್ಕೆ ಜಗ್ಗುವ ಬಲ ಸುಮಾರು 2,060 ನ್ಯೂಟನ್. ಟೈರುಗಳ ಉರುಳು ಪ್ರತಿರೋಧ 400ರ ಆಸುಪಾಸು, ಗಾಳಿಯದ್ದು ಇನ್ನೊಂದು 600. ಇವೆಲ್ಲವನ್ನೂ ಕೂಡಿ ವೇಗದಿಂದ ಗುಣಿಸಿದರೆ ಚಕ್ರದಲ್ಲಿ ಬೇಕಾದ ಶಕ್ತಿ ಸುಮಾರು 75 ಅಶ್ವಶಕ್ತಿ. ವೇಗವನ್ನು 105ಕ್ಕೆ ಏರಿಸಿದರೆ ಗಾಳಿಯ ತಡೆ ಎರಡೂವರೆ ಪಟ್ಟು ಮೀರಿ ಹೆಚ್ಚುತ್ತದೆ. ಆಗಲೂ ಚಕ್ರಕ್ಕೆ ಬೇಕಾಗುವುದು 160ರ ಹತ್ತಿರ. ಗೇರುಗಳಲ್ಲಿ ಸೋರುವುದನ್ನು ಸೇರಿಸಿದರೂ 285ರ ಎಂಜಿನ್ ಇದನ್ನು ಕೊಡಬಲ್ಲದು. ಕೊಡುವಾಗ ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುತ್ತದೆ, ಗದ್ದಲ ಮಾಡುತ್ತದೆ, ಅಷ್ಟೆ. ದೊಡ್ಡ ವಿ8 ಅಥವಾ ಟರ್ಬೊ ಡೀಸೆಲ್ ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ, ತಣ್ಣಗೆ ಕೊಡುತ್ತದೆ. ಅದು ನೆಮ್ಮದಿಯ ಮಾತು, ಸಾಮರ್ಥ್ಯದ್ದಲ್ಲ.

ಇದನ್ನು ನಂಬಲು ಮಂಡ್ಯದ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಐವತ್ತು ಎಚ್‌ಪಿಯ ಆಚೀಚಿನ ಟ್ರ್ಯಾಕ್ಟರ್ ಹತ್ತಾರು ಟನ್ ಕಬ್ಬನ್ನು ಹಿಂದೆ ಕಟ್ಟಿಕೊಂಡು ಸಾಗುತ್ತದೆ. ಶಕ್ತಿ ಕಡಿಮೆ ಇದ್ದರೆ ವೇಗ ಇಳಿಸಿ ಹೊಂದಿಸಿಕೊಳ್ಳಬಹುದು. ಉಳಿದದ್ದನ್ನು ಗೇರು ನೋಡಿಕೊಳ್ಳುತ್ತದೆ. ಆದರೆ ಅದೇ ಟ್ರ್ಯಾಕ್ಟರಿನ ಮುಂಗಾಲುಗಳು ಏರಿನಲ್ಲಿ ನೆಲ ಬಿಟ್ಟು ಏಳುವುದನ್ನೂ, ಇಳಿಜಾರಿನಲ್ಲಿ ಹಿಂದಿನ ಟ್ರೈಲರು ಮುಂದಿನದನ್ನು ತಳ್ಳಿಕೊಂಡು ಬರುವುದನ್ನೂ ನಮ್ಮ ಹಳ್ಳಿಗರು ಕಂಡಿದ್ದಾರೆ. ಅಲ್ಲಿ ಕೈಕೊಡುವುದು ಎಂಜಿನ್ ಅಲ್ಲ.

ಎಂಜಿನ್ ನಿಜಕ್ಕೂ ಸೋಲುವ ಜಾಗ ಒಂದಿದೆ: ಎತ್ತರ. ಕೊಲರಾಡೊದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯಲ್ಲಿ ಹತ್ತಿರಹತ್ತಿರ ಶೇ 30ರಷ್ಟನ್ನು ಕಳೆದುಕೊಳ್ಳುತ್ತದೆ. ರಾಕಿ ಪರ್ವತದ ಜನ ಟರ್ಬೊ ಡೀಸೆಲ್ ಎಂದರೆ ಪ್ರಾಣ ಬಿಡುವುದಕ್ಕೆ ಇದೇ ಕಾರಣ.

ಹಾಗಾದರೆ 907, 1,588, 3,470 ಎಂಬ ಅಂಕಿಗಳು ಹುಟ್ಟುವುದು ಎಲ್ಲಿ? ಒಂದು ಕಾಲದಲ್ಲಿ ಪ್ರತಿ ಕಂಪನಿ ತನಗೆ ತೋಚಿದ ಪರೀಕ್ಷೆ ಮಾಡಿ ತನಗೆ ಒಪ್ಪುವ ಅಂಕಿ ಅಚ್ಚು ಹಾಕಿಸುತ್ತಿತ್ತು. ಪೈಪೋಟಿಯಲ್ಲಿ ಅಂಕಿಗಳು ಊದಿಕೊಂಡವು. ಕಡೆಗೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ, ಜೆ2807 ಎಂಬ ಸಮಾನ ಮಾನದಂಡವನ್ನು 2008ರಲ್ಲಿ ತಂದಿತು. ಟೊಯೊಟಾ ಮೊದಲು ಒಪ್ಪಿತು, ಉಳಿದ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಮೀನಮೇಷ ಎಣಿಸಿ ಹಿಂದೆ ಬಂದವು. ಒಪ್ಪಿದ ಮೇಲೆ ಕೆಲವು ಮಾದರಿಗಳ ಮಿತಿ ನೂರಾರು ಪೌಂಡ್ ಇಳಿಯಿತು. ಗಾಡಿ ಬದಲಾಗಿರಲಿಲ್ಲ, ಪ್ರಾಮಾಣಿಕತೆ ಬದಲಾಗಿತ್ತು.

ಈ ಪರೀಕ್ಷೆಯ ಹೆಸರಾಂತ ಭಾಗ ಅರಿಜೋನದ ಡೇವಿಸ್ ಡ್ಯಾಮ್ ಏರು. ಬುಲ್‌ಹೆಡ್ ಸಿಟಿಯ ಬಳಿ ಕೊಲರಾಡೊ ನದಿಯ ದಡದಿಂದ ಹೊರಡುವ ರಸ್ತೆ 18 ಕಿ.ಮೀ. ಉದ್ದಕ್ಕೆ ಸುಮಾರು 900 ಮೀಟರ್ ಮೇಲೇರುತ್ತದೆ. ಹೊರಗೆ 38 ಡಿಗ್ರಿಯ ಬಿಸಿಲು ಇರಲೇಬೇಕು. ಒಳಗೆ ಎಸಿ ಪೂರ್ತಿ ಓಡುತ್ತಿರಬೇಕು. ಪೂರ್ತಿ ಭಾರ ಎಳೆಯುತ್ತ ಗಾಡಿ 64 ಕಿ.ಮೀ. ವೇಗಕ್ಕಿಂತ ಕೆಳಗೆ ಇಳಿಯಬಾರದು, ಏನೂ ಕುದಿಯಬಾರದು, ಎಚ್ಚರಿಕೆಯ ದೀಪ ಹೊತ್ತಬಾರದು. ಪೆಟ್ರೋಲ್ ಎಂಜಿನ್ ಚಕ್ರಕ್ಕೆ ಎಷ್ಟು ಶಕ್ತಿ ಕೊಡುತ್ತದೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಣಿಸುವ ನೀರಿಗೂ ಸುರಿಯುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬೇರೆ ಕಾಯುತ್ತಿರುತ್ತದೆ. ಗ್ಲಾಡಿಯೇಟರಿನ ಮೂತಿಯನ್ನು ಹತ್ತಿರದಿಂದ ನೋಡಿದರೆ ಇದು ಕಾಣುತ್ತದೆ: ಜೀಪಿನ ಗುರುತಾದ ಆ ಏಳು ಸೀಳುಗಳು ರ‍್ಯಾಂಗ್ಲರಿನವುಗಳಿಗಿಂತ ತುಸು ಅಗಲ. ಅಂದಕ್ಕಲ್ಲ, ರೇಡಿಯೇಟರಿಗೆ ಹೆಚ್ಚು ಗಾಳಿ ಹೊಡೆಯಲೆಂದೇ ಅಗಲಿಸಿದ್ದು. ಗ್ಯಾರೇಜಿನಲ್ಲಿ ವಿ8 ಕೂರಿಸಿದವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಹೊಸ ಎಂಜಿನ್ ಕೂರುತ್ತದೆ, ಅದರ ಶಾಖಕ್ಕೆ ಜಾಗವಿರುವುದಿಲ್ಲ.

ಏರಿದ್ದನ್ನು ಇಳಿಯಲೂ ಬೇಕು. ನಮ್ಮ ಮೂರೂವರೆ ಟನ್ ಜೋಡಿ 900 ಮೀಟರ್ ಇಳಿಯುವಾಗ ಕಳೆಯಬೇಕಾದ ಶಕ್ತಿ ಮೂರು ಕೋಟಿ ಜೂಲ್, ಅಂದರೆ ಒಂದು ದೊಡ್ಡ ಸ್ನಾನದ ಹಂಡೆಯ 90 ಲೀಟರ್ ತಣ್ಣೀರನ್ನು ಕೊತಕೊತ ಕುದಿಸುವಷ್ಟು. ಇದರಲ್ಲಿ ಗಾಳಿ ಮತ್ತು ಟೈರು ದೊಡ್ಡ ಪಾಲು ನುಂಗುತ್ತವೆ. ಉಳಿದದ್ದು ಎಂಜಿನ್ ಬ್ರೇಕಿಂಗಿಗೆ, ಇಲ್ಲವೇ ಬ್ರೇಕ್ ಡಿಸ್ಕಿಗೆ ಹೋಗಬೇಕು. ಇಲ್ಲೊಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದಾಗ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಪಿಸ್ಟನ್ನುಗಳು ನಿರ್ವಾತದ ವಿರುದ್ಧ ಜಗ್ಗಿ ಗಾಡಿಯನ್ನು ಹಿಡಿಯುತ್ತವೆ. ಸಾಂಪ್ರದಾಯಿಕ ಡೀಸೆಲ್ಲಿನಲ್ಲಿ ಆ ಮುಚ್ಚಳವೇ ಇಲ್ಲ. ಒಳಗೆಳೆದ ಗಾಳಿಯನ್ನು ಅದುಮಿದರೂ ಅದು ಸ್ಪ್ರಿಂಗಿನಂತೆ ಬಹುಪಾಲನ್ನು ಹಿಂದಿರುಗಿಸಿಬಿಡುತ್ತದೆ. ಆದ್ದರಿಂದಲೇ ಭಾರ ಎಳೆಯುವ ಡೀಸೆಲ್ ಪಿಕಪ್ಪುಗಳಿಗೆ ಎಗ್ಸಾಸ್ಟ್ ಬ್ರೇಕ್ ಎಂಬ ಬೇರೆ ಉಪಕರಣ ಜೋಡಿಸಿರುತ್ತಾರೆ. ‘ಎಳೆಯಲು ಡೀಸೆಲ್ಲೇ ಸೈ’ ಎಂದು ಹಳೆಯ ಜೀಪಿಗೆ ಡೀಸೆಲ್ ಹಾಕಿಸಿ ಈ ಬ್ರೇಕನ್ನು ಮರೆತವರು, ಏರುವುದನ್ನು ಸುಲಭ ಮಾಡಿಕೊಂಡು ಇಳಿಯುವುದನ್ನು ಕಷ್ಟ ಮಾಡಿಕೊಂಡಿರುತ್ತಾರೆ.

ಇನ್ನು ತೊನೆದಾಟ. ಬದಿಯಿಂದ ಗಾಳಿ ಬೀಸಿದರೆ ಅಥವಾ ಲಾರಿ ಹಾದುಹೋದರೆ ಟ್ರೈಲರಿನ ಬಾಲ ಅತ್ತಿತ್ತ ಬಳುಕುತ್ತದೆ. ಕಡಿಮೆ ವೇಗದಲ್ಲಿ ಅದು ತಾನೇ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗಲು ತಡವಾಗುತ್ತದೆ. ಒಂದು ವೇಗ ದಾಟಿದರೆ ಅಡಗುವ ಬದಲು ಪ್ರತಿ ಬಳುಕೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಟ್ರೈಲರ್ ಕೊಕ್ಕೆ ಹಾಕುವ ಜಾಗ ಹಿಂದಿನ ಆಕ್ಸಲಿನಿಂದ ಆಚೆ ಇರುವುದರಿಂದ, ಅಲ್ಲಿ ಬಿದ್ದ ಅಡ್ಡ ತಳ್ಳು ಇಡೀ ಗಾಡಿಯನ್ನು ತಿರುಗಿಸಲು ನೋಡುತ್ತದೆ. ತಡೆಯಬೇಕಾದವು ಮುಂದಿನ ಚಕ್ರಗಳು. ಅವು ಹಿಂದಿನ ಆಕ್ಸಲಿನಿಂದ ದೂರ ಇದ್ದಷ್ಟೂ ಸನ್ನೆಯ ತೋಳು ಉದ್ದ. ಎರಡು ಬಾಗಿಲಿನ ರ‍್ಯಾಂಗ್ಲರಿನಲ್ಲಿ ಈ ದೂರ ಎರಡೂವರೆ ಮೀಟರಿಗಿಂತ ಕಡಿಮೆ, ಗ್ಲಾಡಿಯೇಟರಿನಲ್ಲಿ ಮೂರೂವರೆ ಮೀಟರಿನ ಹತ್ತಿರ. ಯಾವ ಮೆಕ್ಯಾನಿಕ್ಕೂ ಎಂಜಿನ್ ಬದಲಿಸಿ ಈ ಒಂದು ಮೀಟರ್ ತರಲಾರ. ವಿ8 ಹಾಕಿಸಿಕೊಂಡವರು ಸಹಜವಾಗಿ ವೇಗ ಹೆಚ್ಚಿಸುತ್ತಾರೆ, ಅಂದರೆ ಆ ಅಪಾಯದ ಗೆರೆಯ ಕಡೆಗೇ ಹೋಗುತ್ತಾರೆ. ನನ್ನ ಮಟ್ಟಿಗೆ ಎಂಜಿನ್ ಬದಲಾವಣೆಯ ವಿರುದ್ಧದ ಅತಿ ಬಲವಾದ ವಾದ ಇದೇ.

2024ರ ಆಕ್ಸಲಿನ ಗುಟ್ಟೇನು? ಸಾಮಾನ್ಯ ಜೀಪಿನ ಹಿಂಬದಿಯಲ್ಲಿ ಚಕ್ರ ನೇರವಾಗಿ ಆಕ್ಸಲ್ ಶಾಫ್ಟಿನ ತುದಿಗೇ ಬೋಲ್ಟ್ ಆಗಿರುತ್ತದೆ. ಒಂದೇ ಉಕ್ಕಿನ ಸರಳು ಚಕ್ರವನ್ನು ತಿರುಗಿಸಲೂ ಬೇಕು, ಗಾಡಿಯ ಭಾರ ಹೊತ್ತು ಬಾಗುವುದನ್ನೂ ತಾಳಬೇಕು. 2024ರಲ್ಲಿ ಹಾಕಿದ ಫುಲ್ ಫ್ಲೋಟಿಂಗ್ ಎನ್ನುವ ಬಗೆಯಲ್ಲಿ ಹಬ್ ಎರಡು ಬೇರಿಂಗುಗಳ ಮೇಲೆ ಆಕ್ಸಲಿನ ಹೊರಕೊಳವೆಗೇ ಕೂರುತ್ತದೆ. ಭಾರವೆಲ್ಲ ಕೊಳವೆಯದು, ಶಾಫ್ಟಿನ ಕೆಲಸ ತಿರುಗಿಸುವುದು ಮಾತ್ರ. ಶಾಫ್ಟ್ ತುಂಡಾದರೂ ಚಕ್ರ ಕಳಚಿ ಹೋಗುವುದಿಲ್ಲ. ಲಾರಿಗಳಲ್ಲಿ ಚಕ್ರದ ನಡುವೆ ಹೊರಕ್ಕೆ ಚಾಚಿಕೊಂಡಿರುವ ಬೋಲ್ಟುಗಳ ಗುಬುಟು ಕಾಣುತ್ತದಲ್ಲ, ಅದೇ ಇದು.

ಎಳೆಯುವುದಕ್ಕಷ್ಟೇ ಅಲ್ಲ, ಗಾಡಿ ಹೊರುವ ಭಾರಕ್ಕೂ ಮಿತಿ ಇದೆ. ಚಾಲಕನ ಬಾಗಿಲು ತೆರೆದರೆ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಇಷ್ಟು ಕೆಜಿ ಮೀರಬಾರದು ಎಂದು ಬರೆದಿರುತ್ತದೆ. ಅದು 360 ಎಂದಿಟ್ಟುಕೊಳ್ಳಿ. 1,600 ಕೆಜಿಯ ಕ್ಯಾಂಪರ್ ನೆಟ್ಟಗೆ ಓಡಬೇಕಾದರೆ ಅದರ ಮೂತಿ ಶೇ 10ರಿಂದ 15ರಷ್ಟು ಭಾರವನ್ನು ಕೊಕ್ಕೆಯ ಮೇಲೆ ಊರಬೇಕು, ಅಂದರೆ ಕನಿಷ್ಠ 160 ಕೆಜಿ. ಗಂಡ ಹೆಂಡತಿ ಕೂತರೆ ಇನ್ನೊಂದು 140. ಮಿಕ್ಕಿದ 60ರಲ್ಲಿ ಮಕ್ಕಳು, ನಾಯಿ, ನೀರಿನ ಕ್ಯಾನು. ಇದಕ್ಕೆ ಮೊದಲಿನದಕ್ಕಿಂತ ಭಾರದ ಎಂಜಿನ್ ಕೂರಿಸಿದರೆ ಆ ಹೆಚ್ಚುವರಿ ಭಾರವೂ ಇದೇ 60ರಲ್ಲಿ ಕಳೆಯುತ್ತದೆ. ಬ್ರೆಡ್ಡು, ಚಿಪ್ಸ್ ಹಂಚುವ ವ್ಯಾನುಗಳಿಂದ ಕಿತ್ತು ಜೀಪಿಗೆ ಹಾಕುವ, ಅಲ್ಲಿನವರಿಗೆ ಬಲು ಪ್ರಿಯವಾದ ಕಮಿನ್ಸ್ 4ಬಿಟಿ ಡೀಸೆಲ್ ಒಂದೇ ಸುಮಾರು 340 ಕೆಜಿ ತೂಗುತ್ತದೆ.

ಎಂಜಿನ್ ಬದಲಿಸುವುದೇ ಮೂರ್ಖತನ ಎಂದಲ್ಲ. ಹಳೆಯ ಫೋರ್ಡ್ ಎಫ್-350 ಪಿಕಪ್ ಇದೆ, ಎಂಜಿನ್ ಸತ್ತಿದೆ ಎನ್ನಿ. ಚಾಸಿ ಉದ್ದ, ಆಕ್ಸಲ್ ಫುಲ್ ಫ್ಲೋಟಿಂಗ್, ಬ್ರೇಕು ದೊಡ್ಡದು. ಅದಕ್ಕೆ 1989ರಿಂದ ಡಾಜ್ ಪಿಕಪ್ಪುಗಳಲ್ಲಿ ಬಂದ ಕಮಿನ್ಸ್ 5.9 ಲೀಟರ್ ಡೀಸೆಲ್ ಕೂರಿಸುವವರು ಬಹಳ ಜನ. ಅರ್ಧ ಟನ್ ತೂಗುವ ಆ ಎಂಜಿನ್ನನ್ನು ಅಂಥ ಗಾಡಿ ನಿರಾಳವಾಗಿ ಹೊರುತ್ತದೆ. ಅಲ್ಲಿ ಕೊರತೆ ಇದ್ದದ್ದೇ ಎಂಜಿನ್ನಿನದು, ತುಂಬಿದ್ದೂ ಅದನ್ನೇ. ರ‍್ಯಾಂಗ್ಲರಿನ ಕೊರತೆ ಬೇರೆ ಎಲ್ಲ ಕಡೆ ಇದೆ. ಅದಕ್ಕೆ ವಿ8 ಹಾಕಿಸುವವರು ಮೋಜಿಗೆ ಹಾಕಿಸಲಿ, ಮರಳುಗುಡ್ಡ ಹತ್ತಲಿ. ಕ್ಯಾಂಪರಿಗೆ ಬಳಸಿದ ಪಿಕಪ್ ಒಂದನ್ನು ಕೊಳ್ಳುವುದು ಹೆಚ್ಚಿನ ಸಲ ಅಗ್ಗವೂ ಹೌದು. ಎಂಜಿನ್ ಬದಲಿಸಿದರೂ ಕಂಪನಿ ಅಚ್ಚು ಹಾಕಿದ ಎಳೆಯುವ ಮಿತಿ ಬದಲಾಗುವುದಿಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ಮಲೆನಾಡಿನ ತೋಟಗಳಲ್ಲೂ ಹಳೆಯ ವಿಲ್ಲೀಸ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಹೊಸತೇನಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕೇ ಬೇಕು.

ಅಮೆರಿಕದಲ್ಲಿರುವ ಕನ್ನಡಿಗರು ಕ್ಯಾಂಪರ್ ಕೊಳ್ಳುವ ಯೋಚನೆಯಲ್ಲಿದ್ದರೆ ಗ್ಯಾರೇಜಿಗಿಂತ ಮೊದಲು ಹೆದ್ದಾರಿ ಬದಿಯ ಟ್ರಕ್ ನಿಲ್ದಾಣದ ತೂಕದ ಸೇತುವೆಗೆ ಹೋಗುವುದು ಒಳ್ಳೆಯದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್, ಮೂರೂ ಬೇರೆ ಬೇರೆ ಹಲಗೆಯ ಮೇಲೆ ನಿಲ್ಲುತ್ತವೆ. ಮನೆಮಂದಿಯೆಲ್ಲ ಕೂತು, ನೀರಿನ ಟ್ಯಾಂಕ್ ತುಂಬಿಸಿ, ಒಮ್ಮೆ ಟ್ರೈಲರ್ ಸಮೇತ, ಒಮ್ಮೆ ಟ್ರೈಲರ್ ಬಿಚ್ಚಿ ತೂಗಿಸಬೇಕು. ಎರಡೂ ಚೀಟಿಗಳ ಮುಂದಿನ ಆಕ್ಸಲಿನ ಅಂಕಿಯನ್ನು ಕಳೆದು ನೋಡಿದರೆ, ಟ್ರೈಲರು ಸ್ಟಿಯರಿಂಗ್ ಚಕ್ರಗಳ ಮೇಲಿಂದ ಎಷ್ಟು ಕಿಲೋ ಎತ್ತಿಬಿಟ್ಟಿದೆ ಎಂಬುದು ಗೊತ್ತಾಗುತ್ತದೆ.