ಕಡಿಮೆ ಬೆಲೆಯ ಗಣಕಯಂತ್ರಕ್ಕೆ ಪ್ರೊಸೆಸರ್ ಆರಿಸುವ ಬಗೆ

ಪಂಪುಸೆಟ್ಟು ಕೊಳ್ಳುವ ಮೊದಲು ನೀವು ಬಾವಿಯಲ್ಲಿ ಎಷ್ಟು ನೀರಿದೆ, ಅದನ್ನು ಎಷ್ಟು ಎತ್ತರಕ್ಕೆ ಎತ್ತಬೇಕು, ಎಷ್ಟು ಎಕರೆಗೆ ಹಾಯಿಸಬೇಕು ಎಂಬುದನ್ನು ಲೆಕ್ಕ ಹಾಕುತ್ತೀರಿ. ಅಶ್ವಶಕ್ತಿಯ ಮಾತು ಆಮೇಲಿನದು. ಮೂರು ಅಶ್ವಶಕ್ತಿ ಸಾಕಾಗುವ ಬಾವಿಗೆ ಹತ್ತು ಅಶ್ವಶಕ್ತಿಯ ಮೋಟಾರು ಕೂರಿಸಿದರೆ ಬಾವಿ ಬೇಗ ಬತ್ತೀತೇ ಹೊರತು ಬೆಳೆಗೆ ಹೆಚ್ಚು ನೀರು ಸಿಗುವುದಿಲ್ಲ. ಇಷ್ಟು ಎಚ್ಚರ ವಹಿಸುವ ನಮ್ಮ ರೈತರೇ ಗಣಕಯಂತ್ರ ಕೊಳ್ಳಲು ಪೇಟೆಗೆ ಹೋದಾಗ ಮಾತ್ರ ಅಂಗಡಿಯವರು ಹೇಳಿದ್ದನ್ನೇ ನಂಬಿ ಹಣ ಎಣಿಸಿಕೊಟ್ಟು ಬರುವುದುಂಟು.

ಪಹಣಿ ತೆಗೆಯುವುದು, ಮಾರುಕಟ್ಟೆಯ ಧಾರಣೆ ನೋಡುವುದು ಈಗ ಮೊಬೈಲಿನಲ್ಲೇ ಆಗುತ್ತದೆ. ಆದರೆ ಮಕ್ಕಳ ಕಾಲೇಜು ವ್ಯಾಸಂಗ, ಹಾಲು ಉತ್ಪಾದಕರ ಸಂಘದ ಪಟ್ಟಿ, ರೈತ ಉತ್ಪಾದಕರ ಕಂಪನಿಯ ಜಮಾಖರ್ಚು ಮುಂತಾದ ಕೆಲಸಗಳಿಗೆ ದೊಡ್ಡ ಪರದೆ ಮತ್ತು ಕೀಲಿಮಣೆ ಬೇಕೇ ಬೇಕು. ಇದಕ್ಕೆ ಹಾಕುವ ಹಣ ಅನೇಕ ಮನೆಗಳಲ್ಲಿ ಒಂದು ಸುಗ್ಗಿಯ ಉಳಿತಾಯ. ಆ ಹಣ ಐದಾರು ವರ್ಷ ಕೆಲಸಕ್ಕೆ ಬರಬೇಕಾದರೆ ಯಂತ್ರದ ಹೃದಯವಾದ ಪ್ರೊಸೆಸರನ್ನು ಆರಿಸುವ ಬಗೆಯನ್ನು ಅರಿತಿರುವುದು ಅಗತ್ಯ.

ಪ್ರೊಸೆಸರ್ ಎಂದರೇನು?

ಗಣಕಯಂತ್ರದಲ್ಲಿ ಲೆಕ್ಕ ಮಾಡುವ, ಆಜ್ಞೆಗಳನ್ನು ನಡೆಸುವ ಬಿಲ್ಲೆಯೇ ಪ್ರೊಸೆಸರ್. ಇಂಟೆಲ್ ಕಂಪನಿಯು 1971ರಲ್ಲಿ ಮಾರುಕಟ್ಟೆಗೆ ತಂದ 4004 ಎಂಬ ಬಿಲ್ಲೆಯಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಸಾಧಾರಣ ಬಿಲ್ಲೆಯಲ್ಲಿ ಇವುಗಳ ಸಂಖ್ಯೆ ನೂರಾರು ಕೋಟಿ. ಮೇಜಿನ ಮೇಲಿಡುವ ಗಣಕಯಂತ್ರಗಳಿಗೆ ಬಹುಮಟ್ಟಿಗೆ ಇಂಟೆಲ್ ಮತ್ತು ಎಎಂಡಿ ಎಂಬ ಎರಡೇ ಕಂಪನಿಗಳು ಪ್ರೊಸೆಸರ್ ಒದಗಿಸುತ್ತವೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಹಳ್ಳಿಕಾರ್ ಮೇಲೋ ಅಮೃತಮಹಲ್ ಮೇಲೋ ಎಂಬ ವಾದದಂತೆ. ಅದಕ್ಕೆ ಹೊತ್ತು ಕಳೆಯಬೇಕಾಗಿಲ್ಲ.

ಯಂತ್ರದ ಒಳಗಿನ ವ್ಯವಸ್ಥೆಯನ್ನು ಸುಗ್ಗಿಯ ಕಾಲದ ಕೆಲಸಕ್ಕೆ ಹೋಲಿಸಬಹುದು. ಪ್ರೊಸೆಸರ್ ಎಂಬುದು ರಾಶಿ ಮಾಡುವ ಯಂತ್ರ. ಮೆಮೊರಿ ಅಥವಾ ರ‍್ಯಾಮ್ ಎಂಬುದು ಕಣ. ಕಡತಗಳು ಉಳಿಯುವ ಡಿಸ್ಕು ಉಗ್ರಾಣ. ಕಣ ಚಿಕ್ಕದಾಗಿದ್ದರೆ ಸ್ವಲ್ಪ ಸ್ವಲ್ಪವೇ ತೆನೆ ತಂದು ಹರವಬೇಕು, ರಾಶಿಯಂತ್ರ ಎಷ್ಟೇ ದೊಡ್ಡದಾದರೂ ನಡುನಡುವೆ ಸುಮ್ಮನೆ ನಿಂತಿರಬೇಕು. ಗಣಕಯಂತ್ರ ‘ನಿಧಾನ’ ಎಂದು ದೂರುವ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಪ್ರೊಸೆಸರಿನದಲ್ಲ. ಕಣ ಸಾಲದೆ ಇರುತ್ತದೆ, ಇಲ್ಲವೇ ಉಗ್ರಾಣದ ಬಾಗಿಲು ಕಿರಿದಾಗಿರುತ್ತದೆ. ಈ ಮಾತನ್ನು ಮುಂದೆ ಮತ್ತೆ ಪ್ರಸ್ತಾಪಿಸುತ್ತೇನೆ.

ವೇಗದ ಅಂಕಿ ಮತ್ತು ಕೋರುಗಳು

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಗಿಗಾಹರ್ಟ್ಸ್ ಲೆಕ್ಕ. ಇದು ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಹೇಳಿದಂತೆ. ಒಂದು ಸುತ್ತಿಗೆ ಎಷ್ಟು ಕೆಲಸ ಆಗುತ್ತದೆ ಎಂಬುದು ಈ ಅಂಕಿಯಿಂದ ತಿಳಿಯುವುದಿಲ್ಲ. 2004ರಲ್ಲಿ ಬಂದ ಪೆಂಟಿಯಂ 4 ಪ್ರೊಸೆಸರಿನ ವೇಗ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2006ರಲ್ಲಿ ಅದೇ ಕಂಪನಿ ಕೋರ್ 2 ಡುಯೋ ಎಂಬುದನ್ನು ತಂದಿತು. ಅದರಲ್ಲಿ 2.4 ಗಿಗಾಹರ್ಟ್ಸ್‌ನದು ಹಳೆಯ 3.8ರದ್ದನ್ನು ಸಲೀಸಾಗಿ ಹಿಂದೆ ಹಾಕಿತು. ನಮ್ಮ ಸ್ನಾತಕೋತ್ತರ ವ್ಯಾಸಂಗದ ದಿನಗಳಲ್ಲಿ ಪ್ರಯೋಗ ತಾಕುಗಳ ಅಂಕಿಅಂಶಗಳನ್ನು ಪೆಂಟಿಯಂ 4 ಯಂತ್ರದಲ್ಲಿ ವಿಶ್ಲೇಷಿಸುತ್ತಿದ್ದೆವು. ಕೊಠಡಿ ಬೆಚ್ಚಗಾಗುತ್ತಿದ್ದಷ್ಟು ಬೇಗ ಉತ್ತರ ಬರುತ್ತಿರಲಿಲ್ಲ. ಆದ್ದರಿಂದ ಒಂದೇ ಪೀಳಿಗೆಯ ಎರಡು ಪ್ರೊಸೆಸರುಗಳನ್ನು ಹೋಲಿಸುವಾಗ ಮಾತ್ರ ಈ ಅಂಕಿಗೆ ಬೆಲೆ ಕೊಡಬೇಕು.

ಎರಡನೆಯದು ಕೋರುಗಳ ಸಂಖ್ಯೆ. ಒಂದೊಂದು ಕೋರೂ ಒಂದೊಂದು ಜೋಡಿ ಎತ್ತು ಇದ್ದಂತೆ. ನಾಲ್ಕು ಜೋಡಿ ಇದ್ದರೆ ನಾಲ್ಕು ಹೊಲಗಳಲ್ಲಿ ಏಕಕಾಲಕ್ಕೆ ಉಳುಮೆ ಸಾಧ್ಯ. ಆದರೆ ಒಂದೇ ಸಾಲನ್ನು ನಾಲ್ಕು ಜೋಡಿಯೂ ಒಟ್ಟಿಗೆ ಉಳಲಾರವು. ಪತ್ರ ಬರೆಯುವುದು, ಲೆಕ್ಕದ ಹಾಳೆ ತೆರೆಯುವುದು ಇಂತಹ ಕೆಲಸಗಳಲ್ಲಿ ಹೆಚ್ಚಿನವು ಒಂದೇ ಸಾಲಿನ ಉಳುಮೆ. ಮನೆಬಳಕೆಗೆ ಎರಡು ಕೋರು ಇಂದು ಕಡಿಮೆಯಾಯಿತು, ನಾಲ್ಕು ಸಾಕು, ಆರು ಇದ್ದರೆ ಸಮೃದ್ಧಿ. ಚಲನಚಿತ್ರ ಸಂಕಲನ ಮಾಡುವವರಿಗೆ ಎಂಟು, ಹನ್ನೆರಡು ಬೇಕಾಗಬಹುದು. ಸಹಕಾರ ಸಂಘದ ಕಾರ್ಯದರ್ಶಿಗೆ ಬೇಡ.

ಹೆಸರು ಓದುವುದನ್ನು ಕಲಿಯಿರಿ

ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ನೀವು ಹೇಗೆ ಓದುತ್ತೀರೋ ಪ್ರೊಸೆಸರಿನ ಹೆಸರನ್ನೂ ಹಾಗೆಯೇ ಪೂರ್ತಿ ಓದಬೇಕು. ಮೋಸ ನಡೆಯುವುದು ಇಲ್ಲಿಯೇ. ಇಂಟೆಲ್ ಕಂಪನಿಯ ಕೋರ್ ಐ3, ಐ5, ಐ7 ಎಂಬ ಹೆಸರುಗಳು ದರ್ಜೆಯನ್ನು ಮಾತ್ರ ತಿಳಿಸುತ್ತವೆ. ಅದರ ಮುಂದಿನ ಅಂಕಿ ಪೀಳಿಗೆಯನ್ನು ತಿಳಿಸುತ್ತದೆ. ಐ3-12100 ಎಂದರೆ ಹನ್ನೆರಡನೆಯ ಪೀಳಿಗೆ, ಐ5-8400 ಎಂದರೆ ಎಂಟನೆಯದು, ಐ7-2600 ಎಂದರೆ ಎರಡನೆಯದು.

ಈಗ ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಂದರಲ್ಲಿ ಐ7-2600 ಇದೆ: ನಾಲ್ಕು ಕೋರು, 3.4 ಗಿಗಾಹರ್ಟ್ಸ್. ಇನ್ನೊಂದರಲ್ಲಿ ಐ3-12100 ಇದೆ: ನಾಲ್ಕು ಕೋರು, 3.3 ಗಿಗಾಹರ್ಟ್ಸ್. ಚೀಟಿ ನೋಡಿದವರು ಮೊದಲನೆಯದೇ ಮೇಲೆಂದು ಆರಿಸುವುದು ಸಹಜ. ಆದರೆ ಮೊದಲನೆಯದು 2011ರ ಸರಕು, ಎರಡನೆಯದು 2022ರದು. ಒಟ್ಟು ಕೆಲಸದಲ್ಲಿ ಐ3-12100 ಹಳೆಯ ಐ7ರ ಎರಡು ಪಟ್ಟಿಗೂ ಹೆಚ್ಚು ಸಾಮರ್ಥ್ಯ ತೋರುತ್ತದೆ. ಹಳೆಯದರ ವಿದ್ಯುತ್ ಮಾಪನ 95 ವ್ಯಾಟ್ ಆದರೆ ಹೊಸದರದು 60 ವ್ಯಾಟ್. ಜಾಹೀರಾತುಗಳಲ್ಲಿ ‘ಐ7 ಕಂಪ್ಯೂಟರ್, ಅತ್ಯಂತ ಅಗ್ಗ’ ಎಂದು ಕಂಡರೆ ಅದು ಬಹುತೇಕ ಇಂತಹ ಎರಡು-ಮೂರನೆಯ ಪೀಳಿಗೆಯ ಸರಕೆಂದೇ ತಿಳಿಯಬಹುದು. ಹೊಸ ಪೆಟ್ಟಿಗೆ, ಬಣ್ಣದ ದೀಪ, ಒಳಗೆ ಹದಿನೈದು ವರ್ಷದ ಬಿಲ್ಲೆ!

ಹಳೆಯದಾದರೇನು, ನಡೆಯುತ್ತದಲ್ಲ ಎಂದು ನೀವು ಕೇಳಬಹುದು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅಡ್ಡದಾರಿಯಲ್ಲಿ ಅದನ್ನು ಹಾಕಿಕೊಡುವವರು ಇದ್ದಾರೆ. ಅಂತಹ ಯಂತ್ರಕ್ಕೆ ಮುಂದೆ ಸುರಕ್ಷತೆಯ ತಿದ್ದುಪಡಿಗಳು ಬರುತ್ತವೆಂಬ ಭರವಸೆ ಇಲ್ಲ. ಬ್ಯಾಂಕಿನ ವ್ಯವಹಾರ, ಸಂಘದ ಸದಸ್ಯರ ಖಾತೆಗಳ ವಿವರ ಇರುವ ಯಂತ್ರದಲ್ಲಿ ಈ ಅಪಾಯವನ್ನು ತಂದುಕೊಳ್ಳುವುದು ಬೇಲಿ ಕಿತ್ತ ತೋಟಕ್ಕೆ ಸಸಿ ನೆಟ್ಟಂತೆ.

ಎಂಟನೆಯ ಪೀಳಿಗೆಯ ಈ ಗಡಿ ಇನ್ನೊಂದು ರೀತಿಯಲ್ಲೂ ಅನುಕೂಲವಾಗಿದೆ. ಮೇಜಿನ ಯಂತ್ರಗಳ ಐ3ರಲ್ಲಿ ಅದುವರೆಗೆ ಎರಡೇ ಕೋರುಗಳಿದ್ದವು. 2017ರಲ್ಲಿ ಬಂದ ಐ3-8100ರಿಂದ ನಾಲ್ಕಾದವು. ಐ5-8400ರಲ್ಲಿ ಆರಾದವು. ಹೀಗಾಗಿ ಬಳಸಿದ ಯಂತ್ರ ಕೊಳ್ಳುವವರು ‘ಎಂಟಕ್ಕಿಂತ ಕೆಳಗೆ ಬೇಡ’ ಎಂಬ ಒಂದೇ ಮಾತನ್ನು ನೆನಪಿಟ್ಟರೂ ಅರ್ಧ ಕೆಲಸವಾದಂತೆ. ಈಗಾಗಲೇ ಮನೆಯಲ್ಲಿ ಹಳೆಯ ಯಂತ್ರವಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಳಸಬಹುದು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಕ್ಕೆ ಮಾತ್ರ ವಿಂಡೋಸೇ ಬೇಕಾಗುತ್ತದೆ.

ಕೊನೆಯ ಅಕ್ಷರವನ್ನು ಮರೆಯಬೇಡಿ

ಹೆಸರಿನ ತುದಿಯ ಒಂದು ಅಕ್ಷರ ಸಾವಿರಾರು ರೂಪಾಯಿಯ ವ್ಯತ್ಯಾಸ ತರಬಲ್ಲದು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಕೆಲವು ಪ್ರೊಸೆಸರುಗಳ ಒಳಗೇ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ ಆ ಭಾಗ ಇಲ್ಲವೆಂದು ಅರ್ಥ. ಐ3-12100ರಲ್ಲಿ ಅದು ಇದೆ, ಐ3-12100ಎಫ್‌ನಲ್ಲಿ ಇಲ್ಲ. ಎಎಂಡಿಯ ರೈಜನ್ 5000 ಸರಣಿಯವರೆಗೆ ಲೆಕ್ಕ ತಿರುವುಮುರುವು. ಅಲ್ಲಿ ‘ಜಿ’ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ. ರೈಜನ್ 5 5600ಜಿ ಕೊಂಡರೆ ನೇರವಾಗಿ ಪರದೆ ಜೋಡಿಸಬಹುದು. ರೈಜನ್ 5 5500 ಅಥವಾ ಬರಿಯ 5600 ಕೊಂಡರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕೆಲವು ನೂರು ರೂಪಾಯಿ ಉಳಿಯಿತೆಂದು ಗ್ರಾಫಿಕ್ಸ್ ಇಲ್ಲದ್ದನ್ನು ತಂದು, ಮರುದಿನ ಕಾರ್ಡು ಹುಡುಕುತ್ತ ಮತ್ತೆ ಬಸ್ಸು ಹತ್ತಿದವರಿದ್ದಾರೆ.

ಯಾವುದು ಸೂಕ್ತ?

ಪತ್ರವ್ಯವಹಾರ, ಅಂತರ್ಜಾಲ, ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು, ಸಣ್ಣ ಲೆಕ್ಕ, ಇಷ್ಟೇ ಕೆಲಸವಿದ್ದರೆ ಇಂಟೆಲ್‌ನ ಎನ್100 ಇರುವ ಅಂಗೈಯಗಲದ ಕಿರುಯಂತ್ರ ಸಾಕು. 2023ರಲ್ಲಿ ಬಂದ ಈ ಪ್ರೊಸೆಸರಿನಲ್ಲಿ ನಾಲ್ಕು ಕೋರುಗಳಿವೆ, ವಿದ್ಯುತ್ ಮಾಪನ ಕೇವಲ 6 ವ್ಯಾಟ್. ಸಾಮರ್ಥ್ಯ 2015ರ ಐ5-6500ಕ್ಕೆ ಹತ್ತಿರ. ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ, ಸೌರಶಕ್ತಿಯ ಬ್ಯಾಟರಿ ಇರುವ ಮನೆಗಳಲ್ಲಿ ಇದು ತುಂಬ ಅನುಕೂಲ. ಕೊರತೆಯೆಂದರೆ, ಇದನ್ನು ಫಲಕಕ್ಕೇ ಬೆಸೆದಿರುತ್ತಾರೆ. ಮುಂದೆ ಇದನ್ನು ತೆಗೆದು ಬೇರೆ ಪ್ರೊಸೆಸರ್ ಹಾಕಲಾಗದು.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗೆ, ದಿನವಿಡೀ ಯಂತ್ರ ನಡೆಯುವ ಸಂಘಕ್ಕೆ ನನ್ನ ಶಿಫಾರಸು ಐ3-12100 ಅಥವಾ ರೈಜನ್ 5 5600ಜಿ. ಎರಡಕ್ಕೂ ಡಿಡಿಆರ್4 ಮೆಮೊರಿ ಹೊಂದುತ್ತದೆ. ಆದರೆ ಇಂಟೆಲ್‌ನ ಕೆಲವು ಫಲಕಗಳು ಡಿಡಿಆರ್5 ಮಾತ್ರ ಒಪ್ಪುವುದರಿಂದ ಕೇಳಿ ಕೊಳ್ಳಬೇಕು. ಐ3-12100 ಕೂರುವ ಫಲಕ, ಅದರ ಮೂಲ ತಂತ್ರಾಂಶ ಹೊಸದಾಗಿದ್ದರೆ, ಹದಿಮೂರು ಮತ್ತು ಹದಿನಾಲ್ಕನೆಯ ಪೀಳಿಗೆಯನ್ನೂ ಒಪ್ಪುತ್ತದೆ. ನಾಲ್ಕು ವರ್ಷದ ನಂತರ ಸಾಲದೆನಿಸಿದರೆ ಬಿಲ್ಲೆ ಮಾತ್ರ ಬದಲಿಸಬಹುದು. ಪೆಂಟಿಯಂ ಗೋಲ್ಡ್, ಸೆಲೆರಾನ್ ಹೆಸರಿನ ಎರಡು ಕೋರಿನವು ಅಂಗಡಿಯಲ್ಲಿ ಸಿಕ್ಕರೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲದಿದ್ದರೆ ಬಿಟ್ಟುಬಿಡುವುದು ಲೇಸು.

ಬಳಸಿದ ಯಂತ್ರದ ಬಗ್ಗೆ ಅನೇಕರಿಗೆ ಅಂಜಿಕೆ. ದೊಡ್ಡ ಕಚೇರಿಗಳು ಬದಲಿಸಿದ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಮಾರಾಟಕ್ಕೆ ಬರುತ್ತವೆ. ಇವುಗಳಲ್ಲಿ ಪ್ರೊಸೆಸರ್ ಕೆಟ್ಟಿರುವುದು ತೀರ ಅಪರೂಪ. ಕೆಡುವುದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ತಿರುಗುವ ಡಿಸ್ಕು ಮತ್ತು ಫಲಕ. ಐ5-8400 ಇರುವ ಒಳ್ಳೆಯ ಕಂಪನಿಯ ಬಳಸಿದ ಯಂತ್ರ, ಹೆಸರಿಲ್ಲದ ಫಲಕದ ‘ಹೊಸ’ ಐ7ಗಿಂತ ಎಷ್ಟೋ ಪಾಲು ಉತ್ತಮ.

ಇನ್ನು ಕಣ ಮತ್ತು ಉಗ್ರಾಣದ ಮಾತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಬೇಕೆಂದು ಕಂಪನಿಯೇ ಹೇಳುತ್ತದೆ. ಕನಿಷ್ಠವೆಂದರೆ ಬದುಕುಳಿಯಲು ಬೇಕಾದಷ್ಟು ಗೊಬ್ಬರ, ಇಳುವರಿಗೆ ಬೇಕಾದಷ್ಟಲ್ಲ. 8 ಜಿಬಿಗಿಂತ ಕಡಿಮೆ ಬೇಡ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಹಾಗಾಗಿ 16 ಜಿಬಿಯನ್ನು ಈಗಲೇ ಹಾಕಿಸದೆ, ಖಾಲಿ ಜಾಗವಿರುವ ಫಲಕ ಆರಿಸಿ ಮುಂದೆ ಸೇರಿಸಬಹುದು. ಡಿಸ್ಕು ಮಾತ್ರ ಎಸ್‌ಎಸ್‌ಡಿ ಆಗಿರಲೇಬೇಕು. ಐ5 ಮತ್ತು ತಿರುಗುವ ಡಿಸ್ಕು, ಐ3 ಮತ್ತು ಎಸ್‌ಎಸ್‌ಡಿ, ಈ ಎರಡೂ ಒಂದೇ ಬೆಲೆಗೆ ಸಿಕ್ಕರೆ ಅನುಮಾನವಿಲ್ಲದೆ ಎರಡನೆಯದನ್ನೇ ಕೊಳ್ಳಿ. ಒಟ್ಟು ಹಣದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಪ್ರೊಸೆಸರಿಗೆ ಹಾಕಬಾರದೆಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಮಾಡಬೇಕಾದುದು

ಹಣ ಕೊಡುವ ಮೊದಲು ಯಂತ್ರವನ್ನು ಚಾಲೂ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ಕೋರುಗಳ ಸಂಖ್ಯೆ, ಮೆಮೊರಿ, ಡಿಸ್ಕಿನ ಬಗೆ ಎಲ್ಲವೂ ಕಾಣುತ್ತವೆ. ಹೊರಗಿನ ಚೀಟಿಗೂ ಒಳಗಿನ ಹೆಸರಿಗೂ ತಾಳೆಯಾಗದಿದ್ದರೆ ಎದ್ದು ಬನ್ನಿ. ರಸೀದಿಯಲ್ಲಿ ‘ಐ3 ಕಂಪ್ಯೂಟರ್’ ಎಂದಷ್ಟೇ ಬರೆಸದೆ ಪ್ರೊಸೆಸರಿನ ಪೂರ್ತಿ ಸಂಖ್ಯೆಯನ್ನು ಬರೆಸಬೇಕು. ಡಬ್ಬಿ ಸಮೇತ ಬರುವ ಪ್ರೊಸೆಸರಿಗೆ ಎರಡು ಕಂಪನಿಗಳೂ ಮೂರು ವರ್ಷದ ಖಾತರಿ ಕೊಡುತ್ತವೆ. ಡಬ್ಬಿಯನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತಂದು ರಸೀದಿಯೊಡನೆ ಇಡಿ.

ಮನೆಯಲ್ಲಿ ಯಂತ್ರವನ್ನು ಕಾಳು ತೂರುವ, ಹಿಟ್ಟು ಹಾರುವ ಜಾಗದಿಂದ ದೂರ ಇರಿಸಬೇಕು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಧೂಳು ಕಟ್ಟಿದರೆ ಬಿಲ್ಲೆ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವರ್ಷಕ್ಕೆರಡು ಬಾರಿ, ಸುಗ್ಗಿ ಮುಗಿದ ಮೇಲೊಮ್ಮೆ ಮತ್ತು ಬೇಸಿಗೆ ಬಲಿಯುವ ಮುನ್ನ ಒಮ್ಮೆ, ವಿದ್ಯುತ್ ತಪ್ಪಿಸಿ ಪೆಟ್ಟಿಗೆ ತೆರೆದು ಮೆದುವಾದ ಕುಂಚದಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಬೇಡಿ.